ಕುಡಿಯದವನ ಯಕೃತ್ತು

ಹುಟ್ಟಿದ್ದು ಬೆಳ್ತಂಗಡಿ ತಾಲೂಕಿನಲ್ಲಿ, ಮನೆ ಮಾಡಿರುವುದು ಬಂಟ್ವಾಳದಲ್ಲಿ, ಪಾಠ ಹೇಳುವುದು ಮೂಡುಬಿದಿರೆಯಲ್ಲಿ. ಹೀಗೆ ಮೂರು ಊರುಗಳಿಗೆ ಹಂಚಿಹೋದ ಬದುಕು ನನ್ನದು. ಬಂಟ್ವಾಳದಿಂದ ಸಿದ್ದಕಟ್ಟೆಯ ದಾರಿಯಾಗಿ ಮೂಡುಬಿದಿರೆ. ಅಲ್ಲಿಂದ ವೇಣೂರಿನ ಮೇಲೆ ಬೆಳ್ತಂಗಡಿ. ಬೆಳ್ತಂಗಡಿಯಿಂದ ಮಡಂತ್ಯಾರು, ಪುಂಜಾಲಕಟ್ಟೆಗಳನ್ನು ದಾಟಿ ಮತ್ತೆ ಬಂಟ್ವಾಳ. ಈ ತ್ರಿಕೋನವನ್ನು ಇಪ್ಪತ್ತು ವರ್ಷಗಳಿಂದ ಸುತ್ತುತ್ತ ಬಂದಿದ್ದೇನೆ. ಸುತ್ತಿದ್ದು ಕಾಲಿನಿಂದ ಎಂದು ತಿಳಿಯಬೇಡಿ. ಮೊದಲು ಬಸ್ಸಿನ ಸೀಟಿನಲ್ಲಿ ಕುಳಿತು ಸುತ್ತಿದೆ, ಈಗ ಕಾರಿನ ಸೀಟಿನಲ್ಲಿ ಕುಳಿತು ಸುತ್ತುತ್ತಿದ್ದೇನೆ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಮುಂದೆ ಡಾಕ್ಟರು ಇದೇ ಮಾತನ್ನು ಎತ್ತುವವರಿದ್ದಾರೆ.

ಕಳೆದ ಮಳೆಗಾಲದಲ್ಲಿ ಬಲಗಡೆಯ ಪಕ್ಕೆಲುಬಿನ ಕೆಳಗೆ ಏನೋ ಭಾರವಾದಂತೆ ಅನಿಸತೊಡಗಿತು. ವಾಯುವಿರಬೇಕೆಂದು ಓಮದ ನೀರು ಕುಡಿದು ಒಂದು ತಿಂಗಳು ಕಳೆದೆ. ಆಮೇಲೆ ಮನೆಯವಳ ಒತ್ತಾಯಕ್ಕೆ ಬಂಟ್ವಾಳದ ಡಾಕ್ಟರೊಬ್ಬರಲ್ಲಿಗೆ ಹೋದದ್ದಾಯಿತು. ಅವರು ಸ್ಕ್ಯಾನಿಂಗ್ ಮಾಡಿಸಿ, ಕಾಗದವನ್ನು ಎರಡು ಸಲ ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಮಾಸ್ಟ್ರೇ, ಬೇಸರ ಮಾಡ್ಬೇಡಿ. ಡ್ರಿಂಕ್ಸ್ ತೆಗೊಳ್ಳುದುಂಟಾ?"

"ಇಲ್ಲ ಡಾಕ್ಟ್ರೇ. ಈವರೆಗೆ ಮುಟ್ಟಿದವನಲ್ಲ."

"ಸರಿ," ಎಂದರು ಅವರು. "ಹಾಗಾದ್ರೆ ಇದು ಮತ್ತೊಂದು ಜಾತಿಯದ್ದು. ಫ್ಯಾಟಿ ಲಿವರ್, ಎರಡನೇ ಗ್ರೇಡು. ಯಕೃತ್ತಿನಲ್ಲಿ ಕೊಬ್ಬು ತುಂಬಿದೆ."

ಕೊಬ್ಬು! ಈ ಶಬ್ದದ ಮುಂದೆ ಕನ್ನಡ ಉಪನ್ಯಾಸಕನು ಕೊಂಚ ನಿಲ್ಲಬೇಕಾಗುತ್ತದೆ. ನಮ್ಮ ಭಾಷೆಯಲ್ಲಿ ಕೊಬ್ಬು ಬರಿಯ ಮೇದಸ್ಸಲ್ಲ, ಅದೊಂದು ಗುಣ. ಗುಣವೂ ಅಲ್ಲ, ಅವಗುಣ. "ಅವನಿಗೆ ಕೊಬ್ಬು" ಎಂದರೆ ಅವನ ತೂಕದ ಮಾತಲ್ಲ, ಸೊಕ್ಕಿನ ಮಾತು. ನಾನಾದರೋ ಸಣಕಲು ಮನುಷ್ಯ. ತೂಕ ಅರುವತ್ತಾರು ಕಿಲೋ. ಅಂಗಿಯ ಕೆಳಗೆ ಅಡಗುವಷ್ಟು ಹೊಟ್ಟೆ. ವಿದ್ಯಾರ್ಥಿಗಳು ನನಗಿಟ್ಟಿರುವ ಅಡ್ಡಹೆಸರಿನಲ್ಲಿ ಒಂದು ತರಕಾರಿ ಇದೆ. ಅದು ಕುಂಬಳಕಾಯಿಯಲ್ಲ, ನುಗ್ಗೆಕಾಯಿ. ಇಂಥವನಿಗೆ ಕೊಬ್ಬೆಂದರೆ ಯಾರಿಗಾದರೂ ನಗು ಬರಬೇಕು. ನನಗೆ ಮಾತ್ರ ನಗು ಬರಲಿಲ್ಲ. ಡಾಕ್ಟರು ಕೇಳಿದ ಪ್ರಶ್ನೆಯನ್ನೇ ಇಪ್ಪತ್ತು ವರ್ಷಗಳ ಹಿಂದೆ ನನ್ನೆದುರಿಗೇ ಇನ್ನೊಬ್ಬರಿಗೆ ಕೇಳಿದ್ದರು. ಉತ್ತರವೂ ಅದೇ ಆಗಿತ್ತು. ಆದರೆ ಆಗ ಯಾರೂ "ಸರಿ" ಎನ್ನಲಿಲ್ಲ.

ಆ ಇನ್ನೊಬ್ಬರು ನನ್ನ ಅಪ್ಪ.

ಅಪ್ಪ ಬೆಳ್ತಂಗಡಿಯಿಂದ ಆಚೆಗೆ, ಚಾರ್ಮಾಡಿ ಘಾಟಿಯ ಬುಡದ ಒಂದು ಹಳ್ಳಿಯಲ್ಲಿ ಸಹಕಾರಿ ಸಂಘದ ಗುಮಾಸ್ತರಾಗಿದ್ದರು. ಜೊತೆಗೆ ಒಂದೆಕರೆ ಅಡಕೆ ತೋಟ. ಬೆಳಗಿನಿಂದ ಸಂಜೆಯವರೆಗೆ ಲೆಕ್ಕದ ಪುಸ್ತಕದ ಮುಂದೆ ಕೂರುವ ಕೆಲಸ. ಜೈನರ ಮನೆ, ಕತ್ತಲಾಗುವ ಮೊದಲು ಊಟ ಮುಗಿಯಬೇಕು, ಗಡ್ಡೆಗೆಣಸು ಹೊಸಿಲು ದಾಟಕೂಡದು. ಮದ್ಯ, ಮಾಂಸ, ಮಧು ಮೂರನ್ನೂ ಬಿಡುವುದು ಶ್ರಾವಕನ ಮೂಲಗುಣಗಳಲ್ಲಿ ಮೊದಲನೆಯವು ಎಂದು ನಮಗೆ ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿಸಿದವರು ಅವರು. ಅವರಿಗಿದ್ದ ಚಟ ಒಂದೇ: ಗಂಟೆಗೊಮ್ಮೆ ಚಾ, ಅದಕ್ಕೆ ಧಾರಾಳವಾಗಿ ಸಕ್ಕರೆ. ನಲವತ್ತೆಂಟರಲ್ಲಿ ಸಕ್ಕರೆ ಕಾಯಿಲೆ ಬಂತು. ಐವತ್ತೇಳರಲ್ಲಿ ಹೊಟ್ಟೆಯಲ್ಲಿ ನೀರು ತುಂಬಿತು, ಕಣ್ಣು ಹಳದಿಯಾಯಿತು. ಅದು ೨೦೦೩ನೆಯ ಇಸವಿ. ನಾನಾಗ ಕೊಣಾಜೆಯಲ್ಲಿ ಎಂ.ಎ. ವಿದ್ಯಾರ್ಥಿ.

ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ವಾರ್ಡಿನಲ್ಲಿ, ಎಂಟು ಹಾಸಿಗೆಗಳ ರೋಗಿಗಳಿಗೂ ಅವರ ನೆಂಟರಿಗೂ ಕೇಳುವಂತೆ, ಎಳೆಯ ವಯಸ್ಸಿನ ಡಾಕ್ಟರೊಬ್ಬರು ಕೇಳಿದರು: "ಎಷ್ಟು ವರ್ಷದಿಂದ ಕುಡೀತಿದ್ದೀರಿ?" ಕುಡಿಯುತ್ತೀರಾ ಎಂದಲ್ಲ, ಎಷ್ಟು ವರ್ಷದಿಂದ ಎಂದು. ಅಪ್ಪ ಹೇಳಿದರು: "ನಾನು ಕುಡಿದವನಲ್ಲ." ಡಾಕ್ಟರು ಮೆಲ್ಲಗೆ ನಕ್ಕು, ಚೀಟಿಯಲ್ಲಿ ಏನನ್ನೋ ಬರೆದು, ಮುಂದಿನ ಹಾಸಿಗೆಗೆ ಹೋದರು. ಬರೆದದ್ದೇನೆಂದು ನಾನು ಓದಲಿಲ್ಲ. ನಗುವನ್ನು ಮಾತ್ರ ಓದಿಕೊಂಡೆ.

ಆ ನಗು ಊರಿಗೆ ನಮಗಿಂತ ಮೊದಲೇ ತಲುಪಿತ್ತು. "ಲಿವರ್ ಸುಮ್ಮನೆ ಹಾಳಾಗ್ತದಾ?" ಎಂದು ಸೋದರಮಾವ ಜಗಲಿಯಲ್ಲಿ ಕುಳಿತು ಯಾರೊಡನೆಯೋ ಹೇಳಿದ್ದು ನನ್ನ ಕಿವಿಗೆ ಬಿತ್ತು. "ಬಾವ ಒಳಗಿಂದೊಳಗೆ ಏನು ಮಾಡ್ತಿದ್ದರೋ!" ಮಾವನನ್ನು ದೂರಿ ಫಲವಿಲ್ಲ, ಅವರು ಬಾಯಿಂದ ಆಡಿದ್ದನ್ನು ನಾನು ಕೈಯಿಂದ ಮಾಡಿದೆ. ಒಂದು ಮಧ್ಯಾಹ್ನ, ಅಪ್ಪ ಮಲಗಿದ್ದಾಗ, ಅಡಕೆ ಕೊಟ್ಟಿಗೆಗೆ ಹೋಗಿ ಹುಡುಕಿದೆ. ಗೋಣಿಗಳ ಹಿಂದೆ, ಹಳೆಯ ಮರದ ಪೆಟ್ಟಿಗೆಯಲ್ಲಿ ಒಂದು ಚಪ್ಪಟೆ ಸೀಸೆ ಸಿಕ್ಕಿತು. ಎದೆ ಹೊಡೆದುಕೊಂಡಿತು. ಬಿರಡೆ ತೆಗೆದು ಮೂಸಿದೆ. ಸೀಮೆಎಣ್ಣೆ! ಅಪ್ಪ ಲಾಂದ್ರಕ್ಕೆಂದು ಇಟ್ಟದ್ದು. ಬಿರಡೆ ಹಾಕಿ ತಿರುಗಿದರೆ ಬಾಗಿಲಲ್ಲಿ ಅಪ್ಪ ನಿಂತಿದ್ದರು, ಗೋಡೆಗೆ ಕೈ ಊರಿಕೊಂಡು. ಅವರೂ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಎರಡು ತಿಂಗಳ ಮೇಲೆ ತೀರಿಕೊಂಡರು.

ನಿಜ ಹೇಳಬೇಕಾದರೆ, ಸೀಮೆಎಣ್ಣೆಯ ವಾಸನೆ ಕೂಡ ನನ್ನ ಸಂಶಯವನ್ನು ಕಳೆಯಲಿಲ್ಲ. ಬೇರೆಲ್ಲೋ ಇಟ್ಟಿರಬಹುದು ಎಂದುಕೊಂಡೆ. ಇಪ್ಪತ್ತು ವರ್ಷ ಹಾಗೆಯೇ ಅಂದುಕೊಂಡಿದ್ದೆ, ಬಂಟ್ವಾಳದ ಡಾಕ್ಟರು ನನ್ನ ಮಾತಿಗೆ "ಸರಿ" ಎನ್ನುವವರೆಗೆ.

ಮೇಷ್ಟರಿಗೆ ಕಾಯಿಲೆ ಬಂದರೆ ಅವರು ಮೊದಲು ಔಷಧ ತರುವುದಿಲ್ಲ, ಪುಸ್ತಕ ತರುತ್ತಾರೆ. ನಾನೂ ಓದಲು ಕುಳಿತೆ. ಜೀವರಸಾಯನ ನನ್ನ ವಿಷಯವಲ್ಲ. ಕಾಲೇಜಿನ ವಿಜ್ಞಾನದ ಮಿತ್ರರನ್ನು ಸ್ಟಾಫ್ ರೂಮಿನಲ್ಲಿ ಕಾಡಿ ಬೇಡಿ ತಿಳಿದುಕೊಂಡದ್ದಿಷ್ಟು.

ಎಲ್ಲದರ ಹಿಂದೆ ಇರುವುದು ಕಿಣ್ವ. ಇಂಗ್ಲಿಷರು ಎಂಜೈಮ್ ಎನ್ನುವುದಕ್ಕೆ ನಾವು ಇಟ್ಟುಕೊಂಡ ಹೆಸರು. ೧೮೭೭ರ ಹೊತ್ತಿಗೆ ಜರ್ಮನಿಯ ಕ್ಯೂನೆ ಎಂಬ ವಿಜ್ಞಾನಿ ಗ್ರೀಕ್ ಮಾತಿನಿಂದ ಆ ಶಬ್ದವನ್ನು ಕಟ್ಟಿದ; 'ಹುದುಗಿನ ಒಳಗಿರುವುದು' ಎಂದು ಅದರ ಅರ್ಥ. ನಮ್ಮ ಕಿಣ್ವವೂ ಅದೇ ಮನೆತನದ್ದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಪ್ರಕರಣದಲ್ಲಿ ಕಿಣ್ವವನ್ನು ಮಾಡುವ ಕ್ರಮವಿದೆ; ಹೆಂಡವನ್ನು ಹುಳಿಬರಿಸುವ ಹುದುಗು ಅದು. ಕುಡಿಯದ ಜೈನನ ಹೊಟ್ಟೆಯ ಕಥೆಯಲ್ಲಿ ಮೊದಲ ಶಬ್ದವೇ ಹೆಂಡದ ಭಟ್ಟಿಯಿಂದ ಬರಬೇಕೆ! ಭಾಷೆಗೂ ಆ ಎಳೆಯ ಡಾಕ್ಟರಂತೆಯೇ ಸಂಶಯವಿರಬೇಕು.

ಕಿಣ್ವವೆಂದರೆ ದೇಹದ ಕೆಲಸಗಾರ. ಒಬ್ಬೊಬ್ಬ ಕೆಲಸಗಾರನಿಗೆ ಒಂದೊಂದೇ ಕೆಲಸ. ಕೊಬ್ಬನ್ನು ಒಡೆಯುವವರಿಗೆ ಲೈಪೇಸ್ ಎಂದು ಹೆಸರು. ಕೊಬ್ಬಿನ ಒಂದು ಅಣುವೆಂದರೆ ಒಂದು ತೊಟ್ಟಿಗೆ ಮೂರು ಎಲೆಯಿದ್ದಂತೆ: ಗ್ಲಿಸರಾಲ್ ತೊಟ್ಟು, ಕೊಬ್ಬಿನ ಆಮ್ಲಗಳು ಎಲೆ. ಎಲೆಗಳನ್ನು ಒಂದೊಂದಾಗಿ ಕಿತ್ತುಕೊಟ್ಟರೆ ಮಾತ್ರ ದೇಹ ಅವನ್ನು ಉರಿಸೀತು.

ಇದನ್ನೆಲ್ಲ ನಾನು ನಮ್ಮ ಹಳೆಯ ಮನೆಯ ಅಟ್ಟದ ಲೆಕ್ಕದಲ್ಲಿ ಅರ್ಥಮಾಡಿಕೊಂಡೆ. ಮಳೆಗಾಲಕ್ಕೆ ಮುನ್ನ ಅಕ್ಕಿಮುಡಿ, ಹಲಸಿನ ಹಪ್ಪಳ, ಉಪ್ಪಿನಲ್ಲಿ ಹಾಕಿದ ಸೊಳೆಯ ಭರಣಿ ಎಲ್ಲ ಅಟ್ಟ ಸೇರುತ್ತಿದ್ದವು. ಆಟಿ ತಿಂಗಳ ಕಷ್ಟಕಾಲದಲ್ಲಿ ಒಂದೊಂದಾಗಿ ಕೆಳಗಿಳಿಯುತ್ತಿದ್ದವು. ದೇಹದ ಅಟ್ಟ ಚರ್ಮದ ಕೆಳಗಿನ ಕೊಬ್ಬು; ಅಡುಗೆಮನೆ ಯಕೃತ್ತು. ಊಟವಾದೊಡನೆ ಇನ್ಸುಲಿನ್ ಎಂಬ ಯಜಮಾನ ಕೂಗುತ್ತಾನೆ: "ಬಂದದ್ದನ್ನು ಮೇಲಕ್ಕೇರಿಸಿ, ಮೇಲಿನದನ್ನು ಇಳಿಸಬೇಡಿ." ಅಟ್ಟದ ಲೈಪೇಸುಗಳು ಕೈಕಟ್ಟಿ ಕೂರುತ್ತವೆ. ಉಪವಾಸದ ಹೊತ್ತಿಗೆ ಯಜಮಾನ ಸುಮ್ಮನಾಗುತ್ತಾನೆ; ಆಗ ಮುಡಿ ಬಿಚ್ಚಿ ಇಳಿಸುತ್ತವೆ.

ವರ್ಷಗಟ್ಟಲೆ ಕುಳಿತೇ ಇದ್ದು, ಅನ್ನ, ಸಕ್ಕರೆ, ಬನ್ಸು, ಗೋಳಿಬಜೆಗಳನ್ನು ಹಾಕುತ್ತಲೇ ಹೋದರೆ ಯಜಮಾನನ ಕೂಗಿಗೆ ಬೆಲೆ ಹೋಗುತ್ತದೆ. ಎಷ್ಟು ಕಿರುಚಿದರೂ ಮೇಲಿನವರು ಕೇಳರು. ಊಟದ ಹೊತ್ತಿನಲ್ಲಿಯೂ ಮುಡಿಗಳನ್ನು ಕೆಳಗೆ ಉರುಳಿಸುತ್ತಲೇ ಇರುತ್ತಾರೆ. ಅವೆಲ್ಲ ಅಡುಗೆಮನೆಯಲ್ಲಿ ರಾಶಿ ಬೀಳುತ್ತವೆ. ಇದರ ಮೇಲೆ ಅಡುಗೆಮನೆಯೂ ಹೆಚ್ಚಾದ ಸಕ್ಕರೆಯಿಂದ ತಾನೇ ಹೊಸ ಕೊಬ್ಬನ್ನು ತಯಾರಿಸಹತ್ತುತ್ತದೆ. ೨೦೦೫ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಈ ಕಾಯಿಲೆಯ ರೋಗಿಗಳ ಯಕೃತ್ತಿನ ಕೊಬ್ಬು ಎಲ್ಲಿಂದ ಬಂತೆಂದು ಗುರುತು ಹಾಕಿ ಅಳೆದರು. ನೂರರಲ್ಲಿ ೫೯ ಪಾಲು ಹೀಗೆ ರಕ್ತದಲ್ಲಿ ಹರಿದು ಬಂದದ್ದು, ೨೬ ಪಾಲು ಯಕೃತ್ತೇ ತಯಾರಿಸಿದ್ದು, ನೇರವಾಗಿ ಊಟದ ಎಣ್ಣೆ ತುಪ್ಪದಿಂದ ಬಂದದ್ದು ೧೫ ಮಾತ್ರ. ತೆಂಗಿನೆಣ್ಣೆಯನ್ನು ಬಯ್ಯುತ್ತ ಚಾಕ್ಕೆ ಎರಡು ಚಮಚ ಸಕ್ಕರೆ ಹಾಕುವ ನಮ್ಮಂಥವರು ಈ ಲೆಕ್ಕವನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

ಇಷ್ಟಾದರೂ ಒಂದೇ ಊಟ ಉಂಡ ಇಬ್ಬರಲ್ಲಿ ಒಬ್ಬನ ಯಕೃತ್ತು ಕೊಬ್ಬುತ್ತದೆ, ಇನ್ನೊಬ್ಬನದು ಕೊಬ್ಬುವುದಿಲ್ಲ. ಏಕೆ? ಇಲ್ಲಿ ನನ್ನ ಕಸುಬಿಗೆ ಹತ್ತಿರದ ಸಂಗತಿಯೊಂದು ಬರುತ್ತದೆ. ಮೂಡುಬಿದಿರೆಯಲ್ಲಿ ಪಾಠ ಹೇಳುವವನು ಓಲೆಗರಿಯನ್ನು ಮರೆಯುವಂತಿಲ್ಲ. ಪ್ರತಿಮಾಡುವ ಲಿಪಿಕಾರ ತೂಕಡಿಸಿ ಒಂದಕ್ಷರ ತಪ್ಪಿದರೆ, ಅವನ ಪ್ರತಿಯಿಂದ ಮಾಡಿದ ಪ್ರತಿಗಳಲ್ಲೆಲ್ಲ ಅದು ಮುಂದುವರಿಯುತ್ತದೆ; ಸಂಪಾದಕರು ಅದನ್ನು ಪಾಠಾಂತರವೆನ್ನುತ್ತಾರೆ. ದೇಹದ ಓಲೆಯಲ್ಲಿಯೂ ಪಾಠಾಂತರಗಳುಂಟು. ೨೦೦೮ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ಹೆಲೆನ್ ಹಾಬ್ಸ್ ಮತ್ತು ಅವರ ಸಂಗಡಿಗರು ಪಿಎನ್‌ಪಿಎಲ್‌ಎ೩ ಎಂಬ ಕಿಣ್ವದಲ್ಲಿ ಅಂಥ ಒಂದನ್ನು ಕಂಡುಹಿಡಿದರು. ೪೮೧ ಕೊಂಡಿಗಳ ಸರಪಣಿ ಅದು. ಮೂಲದಲ್ಲಿ ಒಂದಕ್ಷರ ಬದಲಾದದ್ದರಿಂದ ೧೪೮ನೆಯ ಕೊಂಡಿ ಬೇರೆಯಾಗಿದೆ. ಅಷ್ಟೇ. ತಂದೆಯಿಂದಲೂ ತಾಯಿಯಿಂದಲೂ ಆ ಪಾಠವನ್ನು ಪಡೆದವರ ಯಕೃತ್ತಿನಲ್ಲಿ, ಪಡೆಯದವರದ್ದಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಕೊಬ್ಬು ಕಂಡಿತು.

ಕೆಲಸ ಕೆಡುವ ಬಗೆ ಇನ್ನೂ ಸ್ವಾರಸ್ಯವಾಗಿದೆ. ಈ ಕಿಣ್ವಕ್ಕೊಬ್ಬ ಅಣ್ಣನಿದ್ದಾನೆ, ಪಿಎನ್‌ಪಿಎಲ್‌ಎ೨ ಎಂದು. ಕೊಬ್ಬಿನ ಮೊದಲನೆಯ ಎಲೆಯನ್ನು ಕೀಳುವ ದುಡಿಮೆಗಾರ ಅವನೇ. ಅವನ ಪರಿಚಯವಾದದ್ದು ೨೦೦೪ರಲ್ಲಿ. ಅವನಿಗೊಬ್ಬ ಸಹಾಯಕ ಬೇಕು. ಅಕ್ಷರ ತಪ್ಪಿದ ತಮ್ಮ ಕೊಬ್ಬಿನ ಹನಿಯ ಮೇಲೆ ಬಂದು ಕೂರುತ್ತಾನೆ. ಹಳಬರನ್ನು ತೆರವು ಮಾಡುವ ದೇಹದ ವ್ಯವಸ್ಥೆಗೂ ಜಗ್ಗುವುದಿಲ್ಲ. ತಾನು ಕೆಲಸ ಮಾಡುವುದಿಲ್ಲ. ಅಣ್ಣನ ಸಹಾಯಕನನ್ನೂ ತನ್ನ ಬಳಿ ಕೂರಿಸಿಕೊಂಡು ಅಣ್ಣನ ಕೆಲಸವನ್ನೂ ನಿಲ್ಲಿಸುತ್ತಾನೆ. ಕೂಡುಕುಟುಂಬದಲ್ಲಿ ಬೆಳೆದ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆ ಉದ್ದದ ಹೆಸರಿನ ಮೊದಲ ಅಕ್ಷರ 'ಪಟಾಟಿನ್' ಎಂಬ ವಸ್ತುವಿನದು. ಬಟಾಟೆಯ ಗಡ್ಡೆಯಲ್ಲಿ ತುಂಬಿರುವ ಪ್ರೋಟೀನಿಗೆ ಆ ಹೆಸರು. ಇವರು ಅದರ ದೂರದ ನೆಂಟರಂತೆ. ಬಟಾಟೆಯನ್ನು ಹೊಸಿಲು ದಾಟಲು ಬಿಡದ ಅಪ್ಪನ ಹೊಟ್ಟೆಯೊಳಗೆ ಬಟಾಟೆಯ ನೆಂಟ ಮನೆಮಾಡಿದ್ದ! ನನ್ನ ಅಥವಾ ಅಪ್ಪನ ಓಲೆಯಲ್ಲಿ ಆ ಅಕ್ಷರ ತಪ್ಪಿತ್ತೆಂದು ನಾನು ಪ್ರಮಾಣ ಮಾಡಲಾರೆ. ಅದನ್ನು ಯಾರೂ ಪರೀಕ್ಷಿಸಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು, ಕೂತು ಮಾಡುವ ಕೆಲಸವಿತ್ತು, ಕುಡಿತವಿರಲಿಲ್ಲ. ನನಗೆ ತಿಳಿದದ್ದು ಇಷ್ಟೇ. ಆದರೆ ಇಷ್ಟು ಸಾಕಾಗಬೇಕಿತ್ತು.

ನಾವು ತೆಳ್ಳಗಿನವರಲ್ಲವೇ ಎಂದು ಕೇಳೀರಿ. ನಾನೂ ಕೇಳಿದೆ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ ಪರೀಕ್ಷಿಸಿ ೨೦೧೦ರಲ್ಲಿ ಪ್ರಕಟಿಸಿದ ವರದಿಯೊಂದಿದೆ. ದುಡಿದು ತಿನ್ನುವ ಬಡಜನರಲ್ಲಿಯೂ ನೂರಕ್ಕೆ ಒಂಬತ್ತು ಮಂದಿಯಷ್ಟು ಜನರಿಗೆ ಈ ಕಾಯಿಲೆ ಇತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಬೊಜ್ಜೂ ಇರಲಿಲ್ಲ, ಡೊಳ್ಳೂ ಇರಲಿಲ್ಲ. ನಮ್ಮ ಮೈಸೂರಿನಲ್ಲಿ ಇನ್ನೊಂದು ಕಥೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ದಾದಿಯರು ೧೯೩೪ರಿಂದ ಪ್ರತಿಯೊಂದು ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕದಲ್ಲಿ ಬರೆದಿಡುತ್ತ ಬಂದಿದ್ದರು. ೧೯೯೦ರ ದಶಕದಲ್ಲಿ ಸಂಶೋಧಕರು ಆ ಪುಸ್ತಕಗಳನ್ನು ಹಿಡಿದು, ಅಂದಿನ ಕೂಸುಗಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಗಿಡ್ಡವಾಗಿದ್ದು, ಉದ್ದಕ್ಕೆ ಮೀರಿದ ತೂಕವಿದ್ದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗಿತ್ತು. ನಮ್ಮ ಜನರಿಗೆ ಚರ್ಮದ ಕೆಳಗಿನ ಅಟ್ಟ ಚಿಕ್ಕದು. ಬೇಗ ತುಂಬಿ, ಹೊಟ್ಟೆಯೊಳಕ್ಕೂ ಯಕೃತ್ತಿಗೂ ಚೆಲ್ಲುತ್ತದೆ ಎಂದು ತಿಳಿದವರು ಹೇಳುತ್ತಾರೆ. ನುಗ್ಗೆಕಾಯಿಯೊಳಗೂ ಕೊಬ್ಬಿರಬಹುದು.

ತರಗತಿಯಲ್ಲಿ ರತ್ನಾಕರವರ್ಣಿಯ ಭರತೇಶ ವೈಭವವನ್ನು ಹೇಳುವಾಗ ಮುನಿಭುಕ್ತಿ ಸಂಧಿಯಿಂದ ರಾಜಭುಕ್ತಿ ಸಂಧಿಗೆ ನಾನು ಬಹಳ ಉತ್ಸಾಹದಿಂದ ದಾಟುತ್ತಿದ್ದೆ. ಭೋಗದಲ್ಲಿದ್ದೂ ಯೋಗಿಯಾಗಿರುವ ಚಕ್ರವರ್ತಿ, ಉಂಡೂ ಅಂಟಿಸಿಕೊಳ್ಳದವನು! ಈಗ ಅಲ್ಲಿಗೆ ಬಂದಾಗ ಸ್ವರ ಕೊಂಚ ಇಳಿಯುತ್ತದೆ. ಆತ್ಮಕ್ಕೆ ಅಂಟದಿರಬಹುದು, ಯಕೃತ್ತಿಗೆ ಅಂಟುತ್ತದೆ.

ಓದಿದ್ದರಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಒಂದು ಇಸವಿ. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಲುಡ್ವಿಗ್ ಎಂಬ ವೈದ್ಯರು ಕುಡಿಯದ ಇಪ್ಪತ್ತು ರೋಗಿಗಳ ಯಕೃತ್ತಿನ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಕುಡುಕರ ಯಕೃತ್ತಿನಂತೆಯೇ ಕಾಣುತ್ತದೆ, ಆದರೆ ಕುಡಿತದ್ದಲ್ಲ ಎಂದು ಬರೆದು, ಕಾಯಿಲೆಗೆ ಹೆಸರಿಟ್ಟದ್ದು ೧೯೮೦ರಲ್ಲಿ. ಅಪ್ಪ ಆ ವಾರ್ಡಿನಲ್ಲಿ "ನಾನು ಕುಡಿದವನಲ್ಲ" ಎಂದಾಗ ಆ ಹೆಸರಿಗೆ ಇಪ್ಪತ್ತಮೂರು ವರ್ಷ ತುಂಬಿತ್ತು. ನನ್ನ ವಯಸ್ಸೂ ಸುಮಾರಾಗಿ ಅಷ್ಟೇ. ಹೆಸರಿನಲ್ಲಿಯೂ 'ಮದ್ಯದ್ದಲ್ಲದ' ಎಂದು ಮದ್ಯದ ನೆರಳು ಉಳಿದಿತ್ತು. ೨೦೨೩ರಲ್ಲಿ ಜಗತ್ತಿನ ಯಕೃತ್ತಿನ ವೈದ್ಯರ ಸಂಘಗಳು ಕೂಡಿ ಅದನ್ನು ಅಳಿಸಿ, ದೇಹದ ಚಯಾಪಚಯದ ಏರುಪೇರಿಗೆ ಸೇರಿದ ಕಾಯಿಲೆ ಎಂಬ ಅರ್ಥದ ಹೊಸ ಹೆಸರಿಟ್ಟವು. ರೋಗಿಗೆ ಕಳಂಕ ತಟ್ಟಬಾರದೆಂಬುದು ಅದಕ್ಕೆ ಒಂದು ಕಾರಣ. ೨೦೨೧ರಲ್ಲಿ ನಮ್ಮ ಕೇಂದ್ರ ಸರ್ಕಾರವೂ ಸಕ್ಕರೆ ಕಾಯಿಲೆ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಇದನ್ನು ಸೇರಿಸಿಕೊಂಡಿತು. ಹೆಸರಿನಲ್ಲೇನಿದೆ ಎನ್ನುವವರಿದ್ದಾರೆ. ಒಂದು ಹೆಸರು ಹೊತ್ತಿಗೆ ಸರಿಯಾಗಿ ಆ ವಾರ್ಡಿಗೆ ಬಂದಿದ್ದರೆ ನಾನು ಸೀಸೆ ಮೂಸುತ್ತಿರಲಿಲ್ಲ.

ಮರುವಾರವೇ ಊರಿಗೆ ಹೋದೆ. ಅಮ್ಮನಿಗೆ ಈಗ ಎಪ್ಪತ್ತೆರಡು. ಕಾಗದ ತೋರಿಸಿ, ಅಟ್ಟ, ಅಡುಗೆಮನೆ, ಅಣ್ಣ ತಮ್ಮ ಎಲ್ಲವನ್ನೂ ಹೇಳಿದೆ. ಅವಳು ಕೇಳಿಸಿಕೊಂಡು, "ಅವರು ಕುಡಿಯುವವರಲ್ಲ ಅಂತ ನನಗೆ ಗೊತ್ತಿತ್ತಲ್ಲ," ಎಂದಳು, ಅಷ್ಟು ಓದಬೇಕಾಗಿತ್ತೆ ಎನ್ನುವಂತೆ. ಆಗ ಸೀಸೆಯ ವಿಷಯವನ್ನು ಹೇಳಿದೆ. ಇಪ್ಪತ್ತು ವರ್ಷ ಯಾರಿಗೂ ಹೇಳಿರಲಿಲ್ಲ.

"ಅದೂ ಗೊತ್ತುಂಟು," ಎಂದಳು. "ಆ ದಿನವೇ ಹೇಳಿದ್ದರು."

"ಏನು ಹೇಳಿದ್ದರು?"

"ಮಗ ಸೀಸೆ ಮೂಸಿ ನೋಡಿದ, ಒಳ್ಳೆಯದಾಯಿತು ಅಂದರು. ಇನ್ನು ಅವನಿಗಾದರೂ ಸಂಶಯ ಇರ್ಲಿಕ್ಕಿಲ್ಲ ಅಂದರು."

ನಾನು ತಲೆಯೆತ್ತಲಿಲ್ಲ. ಅಮ್ಮ ಚಾ ತಂದಿಟ್ಟಳು, ಸಕ್ಕರೆ ಹಾಕಿರಲಿಲ್ಲ.

ಮೂರ್ನಾಲ್ಕು ಕಿಲೋ ಇಳಿಸಿ, ದಿನಾ ನಡೆಯಿರಿ, ಅನ್ನ ಅರ್ಧ ಮಾಡಿ ಎಂದಿದ್ದಾರೆ ಡಾಕ್ಟರು. ಸದ್ಯಕ್ಕೆ ಇದಕ್ಕಿಂತ ದೊಡ್ಡ ಮದ್ದು ನನಗೆ ಬೇಡವಂತೆ. ಈ ಹಂತದಲ್ಲಿ ಯಕೃತ್ತು ಹಿಂದಕ್ಕೆ ಬರುತ್ತದಂತೆ. ಅದು ಕ್ಷಮಿಸುವ ಅಂಗ. ನಾನು ಕಾರನ್ನು ಮನೆಯಲ್ಲಿ ಬಿಟ್ಟು ಮತ್ತೆ ಬಸ್ಸು ಹಿಡಿದಿದ್ದೇನೆ. ಮೂಡುಬಿದಿರೆಯಲ್ಲಿ ಎರಡು ಸ್ಟಾಪು ಮೊದಲೇ ಇಳಿದು ಕಾಲೇಜಿಗೆ ನಡೆಯುತ್ತೇನೆ. ಕಳೆದ ತಿಂಗಳು ನೆಂಟರಲ್ಲೊಬ್ಬರು ಯಕೃತ್ತಿನ ಕಾಯಿಲೆಯಿಂದ ಆಸ್ಪತ್ರೆ ಸೇರಿದರು. ನೋಡಿ ಬಂದವರೆಲ್ಲ ಜಗಲಿಯಲ್ಲಿ ಕುಳಿತಾಗ ಯಾರೋ ಆ ಹಳೆಯ ಮಾತನ್ನೇ ತೆಗೆದರು: "ಲಿವರ್ ಸುಮ್ಮನೆ ಹಾಳಾಗ್ತದಾ?"

"ಆಗ್ತದೆ," ಎಂದೆ ನಾನು. ಮತ್ತೆ ಮೊದಲಿನಿಂದ ಕಥೆ ಹೇಳಲು ಕುಳಿತೆ.